ಕನ್ನಡಕದ ಚೀಟಿಗೆ ಲೆನ್ಸ್ ಕೊಳ್ಳಬೇಡಿ: ದಾವಣಗೆರೆ ಗಾಳಿ-ಧೂಳಿಗೆ ಮೂರು ಕಾಂಟ್ಯಾಕ್ಟ್ ಲೆನ್ಸ್‌ಗಳ ವಿಮರ್ಶೆ

"ಮೈನಸ್ ಆರು ಇದೆ ಅಣ್ಣಾ, ಅದರದ್ದೇ ಲೆನ್ಸ್ ಕೊಡಿ." ಕನ್ನಡಕದ ಅಂಗಡಿಗೆ ಹೋಗಿ ಹೀಗೆ ಕೇಳುವವರೂ ಇದ್ದಾರೆ, ಕೇಳಿದ್ದನ್ನು ಹಾಗೇ ಡಬ್ಬಿಯಿಂದ ತೆಗೆದು ಕೊಟ್ಟುಬಿಡುವ ಅಂಗಡಿಯವರೂ ಇದ್ದಾರೆ. ಆಮೇಲೆ ಸಂಜೆ ಹೊತ್ತಿಗೆ ತಲೆನೋವು, ಕಣ್ಣು ಕೆಂಪು, "ನನಗೆ ಲೆನ್ಸ್ ಆಗಿಬರಲ್ಲ" ಅನ್ನುವ ತೀರ್ಮಾನ. ಹೀಗೆ ಲೆನ್ಸ್ ಬಿಟ್ಟವರಲ್ಲಿ ಅನೇಕರಿಗೆ ತೊಂದರೆ ಕೊಟ್ಟದ್ದು ಕಂಪನಿಯಲ್ಲ, ಅಳತೆ. ಹಾಗಾಗಿ ಸಾಫ್‌ಲೆನ್ಸ್ 59, ಅಕ್ಯುವ್ಯೂ ಒಯಾಸಿಸ್, ಬಯೋಫಿನಿಟಿ ಎಂಬ ಮೂರು ಮೆದು ಲೆನ್ಸ್‌ಗಳನ್ನು ಇಲ್ಲಿ ತೂಗುವಾಗ ಅಳತೆಯ ಮಾತನ್ನೇ ಮೊದಲು ಹೇಳಬೇಕು.

ಸಮೀಪದೃಷ್ಟಿ ಇರುವವರ ಕಣ್ಣುಗುಡ್ಡೆ ಸಾಮಾನ್ಯವಾಗಿ ಸ್ವಲ್ಪ ಉದ್ದ. ದೊಡ್ಡವರ ಕಣ್ಣು ಮುಂದಿನಿಂದ ಹಿಂದಕ್ಕೆ ಸುಮಾರು 24 ಮಿಲಿಮೀಟರ್ ಇರುತ್ತದೆ. ಅದು ಒಂದೇ ಮಿಲಿಮೀಟರ್ ಹೆಚ್ಚಾದರೂ ಎರಡೂವರೆಯಿಂದ ಮೂರು ನಂಬರ್ ಬಂದುಬಿಡುತ್ತದೆ. ಬೆಳಕು ಕಣ್ಣಿನ ಹಿಂಭಾಗದ ಪರದೆಯಾದ ರೆಟಿನಾ ಮುಟ್ಟುವ ಮೊದಲೇ ಕೂಡಿಕೊಳ್ಳುವುದರಿಂದ ದೂರದ ಬಸ್ಸಿನ ಬೋರ್ಡು ಮಸುಕು. ಮೈನಸ್ ಲೆನ್ಸ್ ಬೆಳಕನ್ನು ಸ್ವಲ್ಪ ಹರಡಿ, ಕೂಡುವ ಜಾಗವನ್ನು ಹಿಂದಕ್ಕೆ ತಳ್ಳುತ್ತದೆ. ದೂರದೃಷ್ಟಿಯಲ್ಲಿ ಇದು ತಿರುಗುಮುರುಗು, ಅಲ್ಲಿ ಪ್ಲಸ್ ಲೆನ್ಸ್ ಬೇಕು. ಕನ್ನಡಕವೂ ಮಾಡುವುದು ಇದನ್ನೇ. ಆದರೆ ಕನ್ನಡಕ ಕಣ್ಣಿನಿಂದ ಸುಮಾರು 12 ಮಿಲಿಮೀಟರ್ ದೂರ ಕೂತಿರುತ್ತದೆ. ಕಾಂಟ್ಯಾಕ್ಟ್ ಲೆನ್ಸ್ ಕಾರ್ನಿಯಾದ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪೊರೆಯ, ಮೇಲಿನ ಕಣ್ಣೀರಿನ ಪದರಕ್ಕೇ ಅಂಟಿಕೊಂಡು ಕೂರುತ್ತದೆ.

ಆ 12 ಮಿಲಿಮೀಟರ್ ಅಂತರವೇ ನಂಬರನ್ನು ಬದಲಿಸುತ್ತದೆ. 4ರ ಕೆಳಗಿನ ನಂಬರಿಗೆ ವ್ಯತ್ಯಾಸ ಲೆಕ್ಕಕ್ಕೆ ಬರುವಷ್ಟಿಲ್ಲ. ಕನ್ನಡಕ -4.00 ಆದರೆ ಲೆನ್ಸ್ -3.75. -6.00 ಇದ್ದರೆ ಲೆಕ್ಕಕ್ಕೆ ಬರುವುದು -5.60, ಅಂದರೆ -5.50ರ ಡಬ್ಬಿ. -8.00 ಇದ್ದರೆ -7.30. ಇಲ್ಲಿ ಇನ್ನೊಂದು ತೊಡಕಿದೆ. ಬಯೋಫಿನಿಟಿಯಲ್ಲೂ ಒಯಾಸಿಸ್‌ನಲ್ಲೂ -6.00 ದಾಟಿದ ಮೇಲೆ ಕಾಲು ನಂಬರಿನ ಲೆನ್ಸ್ ಸಿಗುವುದಿಲ್ಲ, ಅರ್ಧ ನಂಬರಿನದ್ದೇ. ಆದ್ದರಿಂದ -7.00, -7.50 ಎರಡನ್ನೂ ಹಾಕಿ ನೋಡಿಯೇ ತೀರ್ಮಾನಿಸಬೇಕು. ಪ್ಲಸ್ ನಂಬರಿನಲ್ಲಿ ಲೆಕ್ಕ ಮೇಲಕ್ಕೆ ಹೋಗುತ್ತದೆ: ಕನ್ನಡಕ +5.00 ಆದರೆ ಲೆನ್ಸ್ +5.25. ಮೈನಸ್ ಆರರವರು ಲೆನ್ಸನ್ನೂ ಮೈನಸ್ ಆರೇ ಹಾಕಿಕೊಂಡರೆ ಹೆಚ್ಚುವರಿ ಅರ್ಧ ನಂಬರನ್ನು ಕಣ್ಣಿನೊಳಗಿನ ಸ್ನಾಯು ದಿನವಿಡೀ ಎಳೆದು ಸರಿದೂಗಿಸಬೇಕು. ಹರೆಯದ ಕಣ್ಣು ಎಳೆಯುತ್ತದೆ, ಬೋರ್ಡೂ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಅಂಗಡಿಯಲ್ಲಿ ತಪ್ಪು ಗೊತ್ತಾಗುವುದಿಲ್ಲ, ರಾತ್ರಿ ಓದಲು ಕೂತಾಗ ಗೊತ್ತಾಗುತ್ತದೆ.

ಈಗ ಲೆನ್ಸ್‌ಗಳಿಗೆ ಬರೋಣ. ಬಾಷ್ ಅಂಡ್ ಲಾಂಬ್ ಕಂಪನಿಯ ಸಾಫ್‌ಲೆನ್ಸ್ 59 ಹಳೆಯ ಬಗೆಯ ಹೈಡ್ರೊಜೆಲ್, ಅಂದರೆ ನೀರು ಹೀರಿಕೊಂಡ ಮೆದು ಪ್ಲಾಸ್ಟಿಕ್. ಹೆಸರಿನಲ್ಲೇ ಇರುವಂತೆ 59% ನೀರು. ತಿಂಗಳಿಗೊಮ್ಮೆ ಬದಲಿಸುವಂಥದ್ದು. ನಡುಭಾಗದ ದಪ್ಪ ಸುಮಾರು 0.14 ಮಿಲಿಮೀಟರ್. ಬೆರಳ ತುದಿಯಲ್ಲಿ ಮಡಚಿಕೊಳ್ಳದೆ ನೆಟ್ಟಗೆ ನಿಲ್ಲುವುದರಿಂದ ಹಾಕುವುದನ್ನು ಕಲಿಯುವವರಿಗೆ ಇದರಷ್ಟು ಸುಲಭ ಇನ್ನೊಂದಿಲ್ಲ. ಮೂರರಲ್ಲಿ ಕಡಿಮೆ ಖರ್ಚಿನದ್ದೂ ಇದೇ. ಕೊರತೆ ಇರುವುದು ಆಮ್ಲಜನಕದಲ್ಲಿ. ಕಾರ್ನಿಯಾಕ್ಕೆ ರಕ್ತನಾಳ ಇಲ್ಲ. ಎಚ್ಚರವಿದ್ದಾಗ ಅದು ಉಸಿರಾಡುವುದು ಕಣ್ಣೀರಿನ ಮೂಲಕ, ನೇರವಾಗಿ ಗಾಳಿಯಿಂದ. ಹಗಲು ಹೊತ್ತು ಹಾಕುವ ಲೆನ್ಸ್‌ಗೆ ಆಮ್ಲಜನಕ ಬಿಟ್ಟುಕೊಡುವ ಅಂಕ ಕನಿಷ್ಠ 24 ಇರಬೇಕು ಎಂಬ ಮಾನದಂಡ 1984ರಲ್ಲೇ ಬಂತು. ಸಾಫ್‌ಲೆನ್ಸ್ 59 ಸುಮಾರು 16ರಲ್ಲೇ ನಿಂತುಬಿಡುತ್ತದೆ. ಮದುವೆ, ಫೋಟೊ, ಪಂದ್ಯ ಎಂದು ಆಗೀಗ ಐದಾರು ಗಂಟೆ ಹಾಕುವವರಿಗೆ ಪರವಾಗಿಲ್ಲ. ಬೆಳಿಗ್ಗೆ ಎಂಟಕ್ಕೆ ಹಾಕಿ ರಾತ್ರಿ ಹತ್ತಕ್ಕೆ ತೆಗೆಯುವ ಕಾಲೇಜಿನವರಿಗೆ ಇದನ್ನು ಹೇಳಲಾಗದು.

ನೀರು ಹೆಚ್ಚಿದ್ದರೆ ಕಣ್ಣು ಒಣಗುವುದಿಲ್ಲ ಎಂದು ನಂಬುವವರು ಬಹಳ. ಆಗುವುದು ಅದರ ವಿರುದ್ಧ. ಒಣಗಾಳಿಗೆ ಸಿಕ್ಕ ಹೆಚ್ಚು ನೀರಿನ ಲೆನ್ಸ್ ತನ್ನ ನೀರನ್ನು ಕಳೆದುಕೊಂಡು ಕಣ್ಣೀರನ್ನು ಹೀರಲು ಶುರುಮಾಡುತ್ತದೆ. ದಾವಣಗೆರೆಯಿಂದ ಚಿತ್ರದುರ್ಗದ ಕಡೆ ಹೋಗುವಾಗ ಗುಡ್ಡದ ಮೇಲೆ ಗಾಳಿಯಂತ್ರಗಳು ಸಾಲಾಗಿ ತಿರುಗುತ್ತಿರುತ್ತವಲ್ಲ, ಅಂಥ ಗಾಳಿಯಲ್ಲಿ ಬಸ್ಸಿನ ಕಿಟಕಿ ಪಕ್ಕ ಒಂದು ಗಂಟೆ ಕೂತರೆ ಸಾಕು, ಲೆನ್ಸ್ ಕಣ್ಣಿಗೆ ಕಚ್ಚಿಕೊಂಡ ಹಾಗಾಗುತ್ತದೆ.

ಉಳಿದೆರಡೂ ಸಿಲಿಕೋನ್ ಹೈಡ್ರೊಜೆಲ್. ಇಲ್ಲಿ ಆಮ್ಲಜನಕ ಹಾದುಹೋಗುವುದು ನೀರಿನ ಮೂಲಕವಲ್ಲ, ಸಿಲಿಕೋನಿನ ಮೂಲಕ. ಹಾಗಾಗಿ ನೀರು ಕಡಿಮೆಯಿದ್ದರೂ ಕಣ್ಣಿಗೆ ಉಸಿರು ಧಾರಾಳ. ಜಾನ್ಸನ್ ಅಂಡ್ ಜಾನ್ಸನ್‌ನ ಅಕ್ಯುವ್ಯೂ ಒಯಾಸಿಸ್‌ನಲ್ಲಿ ನೀರು 38%, ಆಮ್ಲಜನಕದ ಅಂಕ 147. ಕೂಪರ್‌ವಿಷನ್‌ನ ಬಯೋಫಿನಿಟಿಯಲ್ಲಿ ನೀರು 48%, ಅಂಕ 160. ಇವೆರಡರ ನಡುವಿನ ಆ ಹದಿಮೂರು ಅಂಕದ ವ್ಯತ್ಯಾಸ ಕಣ್ಣಿಗೆ ತಿಳಿಯುವುದಿಲ್ಲ. 16ಕ್ಕೂ 147ಕ್ಕೂ ಇರುವ ಅಂತರ ಮಾತ್ರ ಸಂಜೆ ಕನ್ನಡಿ ಮುಂದೆ ನಿಂತಾಗ ಕಣ್ಣಿನ ಬಿಳಿಭಾಗದಲ್ಲೇ ಕಾಣುತ್ತದೆ.

ಒಯಾಸಿಸ್ 0.07 ಮಿಲಿಮೀಟರಿನಷ್ಟು ತೆಳು. ಹಾಕಿದ ಮೇಲೆ ಹಾಕಿದ್ದೇ ಮರೆತುಹೋಗುತ್ತದೆ. ಆದರೆ ಹೊಸಬರ ಬೆರಳಿನ ಮೇಲೆ ಹಪ್ಪಳದ ಹಾಗೆ ಮಡಚಿ ಸತಾಯಿಸುತ್ತದೆ. ಅಂಚಿನ ಬಳಿ 1-2-3 ಎಂದು ಸಣ್ಣಗೆ ಅಂಕಿ ಇರುತ್ತದೆ. ನೇರವಾಗಿ ಓದಲು ಬಂದರೆ ಲೆನ್ಸ್ ಸರಿಯಿದೆ, ಕನ್ನಡಿಯಲ್ಲಿ ಕಂಡ ಹಾಗಿದ್ದರೆ ಒಳಗು ಹೊರಗಾಗಿದೆ. ಸೂರ್ಯನ ಅತಿನೇರಳೆ ಕಿರಣ ತಡೆಯುವ ಗುಣವೂ ಇದಕ್ಕಿದೆ, ಬಯೋಫಿನಿಟಿಗೆ ಇಲ್ಲ. ಹಾಗೆಂದು ಕಪ್ಪು ಕನ್ನಡಕ ಬಿಡಬಾರದು, ಲೆನ್ಸ್ ಮುಚ್ಚುವುದು ಕಾರ್ನಿಯಾ ಮತ್ತು ಅದರ ಅಂಚನ್ನು ಮಾತ್ರ. ಒಯಾಸಿಸ್‌ನ ದೊಡ್ಡ ಅನನುಕೂಲ ಬದಲಿಸುವ ಅವಧಿ: ಎರಡು ವಾರ. ಜನ ಮರೆಯುತ್ತಾರೆ, ಒಂದು ತಿಂಗಳು ಎಳೆಯುತ್ತಾರೆ. ಮೂರನೇ ವಾರಕ್ಕೆ ಮೇಲೆ ಬಿಳಿ ಪೊರೆ ಕಟ್ಟಿ ನೋಟ ಮಂಜಾಗುತ್ತದೆ, ರೆಪ್ಪೆಯೊಳಗೆ ತುರಿಕೆ ಶುರುವಾಗುತ್ತದೆ. ಬಯೋಫಿನಿಟಿ ತಿಂಗಳ ಲೆನ್ಸ್. ಒಂದನೇ ತಾರೀಕು ಹೊಸದು ಎಂದು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಂಡರೆ ಮುಗಿಯಿತು. ಈ ಒಂದು ಕಾರಣಕ್ಕೇ ನಮ್ಮ ಊರಿನವರಿಗೆ ಬಯೋಫಿನಿಟಿಯನ್ನು ಮೊದಲು ಹೇಳಬೇಕು.

ಡಬ್ಬಿಯ ಲೆಕ್ಕವನ್ನೂ ಮೊದಲೇ ಹಾಕಿಕೊಳ್ಳಿ. ತಿಂಗಳ ಲೆನ್ಸ್ ಆದರೆ ವರ್ಷಕ್ಕೆ 24, ಅಂದರೆ ಆರರ ಡಬ್ಬಿ ನಾಲ್ಕು. ಎರಡು ವಾರದ್ದಾದರೆ 52, ಒಂಬತ್ತು ಡಬ್ಬಿ. ದಿನಕ್ಕೊಂದು ಜೊತೆ ಎಸೆಯುವ ಲೆನ್ಸ್ ಆದರೆ 730. ದಿನದ ಲೆನ್ಸ್ ಎಲ್ಲಕ್ಕಿಂತ ಶುಚಿ, ಅದರಲ್ಲಿ ಎರಡು ಮಾತಿಲ್ಲ. ವಾರಕ್ಕೆ ಎರಡು ಮೂರು ದಿನ ಮಾತ್ರ ಹಾಕುವವರು ಅದನ್ನೇ ಕೊಳ್ಳಲಿ. ಲೆನ್ಸ್ ತೊಳೆದು ನೆನೆಸಿಡುವ ಸೊಲ್ಯೂಷನ್ ಖರ್ಚು ಉಳಿಯುತ್ತದೆ.

ಹೆಚ್ಚು ಜನ ಮೋಸ ಹೋಗುವುದು ಸಿಲಿಂಡರ್ ನಂಬರಿನಲ್ಲಿ. ಕಾರ್ನಿಯಾ ಚೆಂಡಿನಂತೆ ಎಲ್ಲ ಕಡೆ ಒಂದೇ ಬಾಗಿರದೆ, ಒಂದು ದಿಕ್ಕಿಗೆ ಹೆಚ್ಚು, ಇನ್ನೊಂದು ದಿಕ್ಕಿಗೆ ಕಡಿಮೆ ಬಾಗಿದ್ದರೆ ಸಿಲಿಂಡರ್ ಬರುತ್ತದೆ. ಮೆದು ಲೆನ್ಸ್ ಉಬ್ಬು ತಗ್ಗಿನ ಮೇಲೆ ಹಾಸಿದ ಒದ್ದೆ ಬಟ್ಟೆಯ ಹಾಗೆ, ಕೆಳಗಿನ ಆಕಾರವನ್ನೇ ಮೇಲೂ ತೋರಿಸುತ್ತದೆ. ಆದ್ದರಿಂದ ಸಾದಾ ಲೆನ್ಸ್ ಸಿಲಿಂಡರನ್ನು ಸರಿಪಡಿಸುವುದಿಲ್ಲ. ಸಿಲಿಂಡರ್ ಅರ್ಧ ನಂಬರ್ ಇದ್ದರೆ ಅದರ ಅರ್ಧವನ್ನು ಮುಖ್ಯ ನಂಬರಿಗೆ ಸೇರಿಸಿ ಸಾದಾ ಲೆನ್ಸ್ ಕೊಡಬಹುದು: -3.00ಕ್ಕೆ -0.50 ಸಿಲಿಂಡರ್ ಇದ್ದರೆ -3.25. 0.75 ಆದ ಮೇಲೆ ಸಿಲಿಂಡರನ್ನೂ ಸರಿಪಡಿಸುವ ಟೋರಿಕ್ ಲೆನ್ಸನ್ನೇ ಕೇಳಬೇಕು. -2.00ಕ್ಕೆ -1.50 ಸಿಲಿಂಡರ್ ಇರುವವರಿಗೆ "ಅಡ್ಜಸ್ಟ್ ಆಗುತ್ತೆ" ಎಂದು ಸಾದಾ -2.75 ಕೊಟ್ಟರೆ, ರಾತ್ರಿ ಹೈವೇಯಲ್ಲಿ ಎದುರು ಬರುವ ಲಾರಿಯ ದೀಪಕ್ಕೆ ಬಾಲ ಬೆಳೆದ ಹಾಗೆ ಕಾಣುತ್ತದೆ. ಅದು ಅಡ್ಜಸ್ಟ್ ಆಗುವುದಿಲ್ಲ.

ಟೋರಿಕ್ ಲೆನ್ಸ್ ಕಣ್ಣಲ್ಲಿ ತಿರುಗದೆ ನಿಲ್ಲಬೇಕು. ಅದಕ್ಕೆ ಬಯೋಫಿನಿಟಿ ಟೋರಿಕ್‌ನಲ್ಲಿ ಕೆಳಭಾಗ ಸ್ವಲ್ಪ ದಪ್ಪ, ರೆಪ್ಪೆ ಬಡಿದಾಗ ದಪ್ಪಭಾಗ ಕೆಳಗೇ ಉಳಿಯುತ್ತದೆ. ಕೆಳ ಅಂಚಿನಲ್ಲಿ ಒಂದು ಗೆರೆ ಇರುತ್ತದೆ. ಹಾಕಿ ಹದಿನೈದು ನಿಮಿಷವಾದ ಮೇಲೆ ಕಣ್ಣನ್ನು ದೊಡ್ಡದಾಗಿ ತೋರಿಸುವ ಯಂತ್ರವಾದ ಸ್ಲಿಟ್ ಲ್ಯಾಂಪ್‌ನಲ್ಲಿ ನೋಡಿದರೆ ಆ ಗೆರೆ ಗಡಿಯಾರದ ಆರರ ಜಾಗದಲ್ಲಿರಬೇಕು. ಹತ್ತು ಡಿಗ್ರಿ ತಿರುಗಿದರೆ ಸಿಲಿಂಡರಿನ ಮೂರನೇ ಒಂದು ಭಾಗದಷ್ಟು ದೋಷ ಹಾಗೇ ಉಳಿಯುತ್ತದೆ. ಗೆರೆ ಪರೀಕ್ಷಕರ ಎಡಕ್ಕೆ ತಿರುಗಿದ್ದರೆ ಅಷ್ಟು ಡಿಗ್ರಿಯನ್ನು ಆಕ್ಸಿಸ್‌ಗೆ, ಅಂದರೆ ಚೀಟಿಯಲ್ಲಿ ಬರೆದ ಸಿಲಿಂಡರಿನ ದಿಕ್ಕಿಗೆ, ಕೂಡಿಸಬೇಕು, ಬಲಕ್ಕಾದರೆ ಕಳೆಯಬೇಕು. ಚೀಟಿಯಲ್ಲಿ ಆಕ್ಸಿಸ್ 180 ಇದ್ದು ಗೆರೆ ಹತ್ತು ಡಿಗ್ರಿ ಎಡಕ್ಕಿದ್ದರೆ ತರಿಸಬೇಕಾದ ಲೆನ್ಸ್ 190, ಅಂದರೆ 10 (ಆಕ್ಸಿಸ್ 180ಕ್ಕೆ ಮುಗಿದು ಮತ್ತೆ ಮೊದಲಿಂದ ಎಣಿಕೆ). ಈ ಲೆಕ್ಕ ಮಾಡದೆ ಟೋರಿಕ್ ಮಾರುವ ಕಡೆ ಎಷ್ಟು ಒಳ್ಳೆ ಲೆನ್ಸ್ ಕೊಂಡರೂ ದುಡ್ಡು ದಂಡ. ಸಾಫ್‌ಲೆನ್ಸ್ 59 ಸಾದಾ ಲೆನ್ಸ್, ಹಾಗಾಗಿ ಸಿಲಿಂಡರ್ ಇರುವವರು ಅದರ ಆಸೆ ಬಿಡಬೇಕು.

ಅಳತೆಯಲ್ಲಿ ಇನ್ನೊಂದು ಅಂಕಿ ಇದೆ, ಅದು ಕನ್ನಡಕದ ಚೀಟಿಯಲ್ಲಿ ಇರುವುದೇ ಇಲ್ಲ: ಬೇಸ್ ಕರ್ವ್, ಅಂದರೆ ಲೆನ್ಸಿನ ಒಳಬಾಗು. ಸಾಫ್‌ಲೆನ್ಸ್ 59 ಮತ್ತು ಬಯೋಫಿನಿಟಿ ಎರಡೂ 8.6. ಒಯಾಸಿಸ್‌ನಲ್ಲಿ 8.4, 8.8 ಎಂದು ಎರಡು ಬಗೆ ಸಿಗುವುದು ಅದರ ಹೆಚ್ಚುಗಾರಿಕೆ. ಕಾರ್ನಿಯಾ ಚಪ್ಪಟೆಯಿರುವವರಿಗೆ 8.8 ಕೂರುತ್ತದೆ. ಸರಿಯಾಗಿ ಕೂತ ಲೆನ್ಸ್ ಪ್ರತಿ ಸಲ ರೆಪ್ಪೆ ಬಡಿದಾಗಲೂ ಕೂದಲೆಳೆಯಷ್ಟು, 0.2ರಿಂದ 0.5 ಮಿಲಿಮೀಟರ್, ಸರಿದು ವಾಪಸು ಬರಬೇಕು. ಹಾಗೆ ಸರಿದಾಗಲೇ ಅದರ ಕೆಳಗಿನ ಕೊಳೆ ಹೊರಗೆ ಹೋಗಿ ಹೊಸ ಕಣ್ಣೀರು ಒಳಗೆ ಬರುವುದು. ಬಿಗಿಯಾದ ಲೆನ್ಸ್ ಅಂಗಡಿಯಲ್ಲಿ ಬಹಳ ಹಿತ ಅನ್ನಿಸುತ್ತದೆ, ಅದೇ ಅದರ ಅಪಾಯ. ಗುರುತು ಹಿಡಿಯುವುದು ಹೀಗೆ: ರೆಪ್ಪೆ ಬಡಿದ ತಕ್ಷಣ ಸ್ಪಷ್ಟ, ಆಮೇಲೆ ಮಸುಕು ಅಂದರೆ ಬಿಗಿ. ಬಡಿದ ತಕ್ಷಣ ಮಸುಕು, ಆಮೇಲೆ ಸ್ಪಷ್ಟ ಅಂದರೆ ಸಡಿಲ.

ಆದ್ದರಿಂದ ಅಂಗಡಿ ಆರಿಸುವಾಗ ಎರಡೇ ವಿಷಯ ನೋಡಿ. ಕಾರ್ನಿಯಾದ ಬಾಗು ಅಳೆಯುವ ಕೆರಟೋಮೀಟರ್ ಮತ್ತು ಸ್ಲಿಟ್ ಲ್ಯಾಂಪ್ ಇವೆಯೇ? ಟ್ರಯಲ್ ಲೆನ್ಸ್ ಹಾಕಿಸಿ ಇಪ್ಪತ್ತು ನಿಮಿಷ ಕೂರಿಸಿ ಮತ್ತೆ ನೋಡುತ್ತಾರೆಯೇ? ಇಲ್ಲ ಎಂದರೆ ಅಳತೆಯನ್ನು ಕಣ್ಣಿನ ಡಾಕ್ಟರ ಹತ್ತಿರ ಮಾಡಿಸಿ, ಲೆನ್ಸ್ ಎಲ್ಲಿ ಬೇಕಾದರೂ ಕೊಳ್ಳಿ. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ, ಜೆಜೆಎಂ ಮತ್ತು ಎಸ್‌ಎಸ್. ಇವುಗಳ ನೇತ್ರ ವಿಭಾಗ ಹತ್ತಿರದಲ್ಲಿರುವಾಗ ಅಂದಾಜಿನ ಮೇಲೆ ಲೆನ್ಸ್ ಹಾಕಿಕೊಳ್ಳುವ ಅಗತ್ಯ ಇಲ್ಲ. ಬರೆದುಕೊಡುವ ಚೀಟಿಯಲ್ಲಿ ಲೆನ್ಸಿನ ಹೆಸರು, ಬೇಸ್ ಕರ್ವ್, ವ್ಯಾಸ, ಪವರ್, ಟೋರಿಕ್ ಆದರೆ ಸಿಲಿಂಡರ್ ಮತ್ತು ಆಕ್ಸಿಸ್, ಇಷ್ಟೂ ಇರಬೇಕು. ಬಣ್ಣದ ಲೆನ್ಸಿಗೂ, ನಂಬರ್ ಇಲ್ಲದಿದ್ದರೂ, ಇದೇ ಅಳತೆ ಬೇಕು.

ಚಾಳೀಸಿನ ವಯಸ್ಸಿನವರಿಗೆ ಒಂದು ಮಾತು. ಬಯೋಫಿನಿಟಿಯಲ್ಲೂ ಒಯಾಸಿಸ್‌ನಲ್ಲೂ ದೂರ, ಹತ್ತಿರ ಎರಡನ್ನೂ ಒಂದೇ ಲೆನ್ಸಿನಲ್ಲಿ ಕೊಡುವ ಮಲ್ಟಿಫೋಕಲ್ ಬಗೆ ಇದೆ. ಇಲ್ಲದಿದ್ದರೆ ಒಂದು ಕಣ್ಣಿಗೆ ದೂರದ್ದು, ಇನ್ನೊಂದಕ್ಕೆ ಹತ್ತಿರದ್ದು ಹಾಕುವ ಪದ್ಧತಿಯೂ ಇದೆ. ಎರಡರಲ್ಲೂ ನೋಟದ ಚೂಪು ಸ್ವಲ್ಪ ಕಡಿಮೆಯಾಗುತ್ತದೆ. ಮೈನಸ್ ನಂಬರ್ ಹೆಚ್ಚಿರುವವರು ನಲವತ್ತರ ಆಸುಪಾಸಿನಲ್ಲಿ ಕನ್ನಡಕ ಬಿಟ್ಟು ಲೆನ್ಸಿಗೆ ಬಂದರೆ, ಇದ್ದಕ್ಕಿದ್ದ ಹಾಗೆ ಪೇಪರ್ ಓದಲು ಕಷ್ಟವಾಗುತ್ತದೆ. ಕಣ್ಣು ಕೆಟ್ಟಿತೆಂದಲ್ಲ. ಮೈನಸ್ ಕನ್ನಡಕ ಹತ್ತಿರದ ನೋಟಕ್ಕೆ ಒಂದಿಷ್ಟು ಸಹಾಯ ಮಾಡುತ್ತಿತ್ತು, ಲೆನ್ಸಿನಲ್ಲಿ ಆ ಸಹಾಯ ಇಲ್ಲ. ಇನ್ನು ಕಾರ್ನಿಯಾ ತೆಳ್ಳಗಾಗಿ ಕೋನಿನಂತೆ ಮುಂದೆ ಬರುವ ಕೆರಟೋಕೋನಸ್ ಇರುವವರಿಗೆ ಈ ಮೂರೂ ಸಾಲದು. ಅವರಿಗೆ ಗಟ್ಟಿ ಲೆನ್ಸ್ ಬೇಕು. ಅದು ತನ್ನ ಆಕಾರ ಬಿಡುವುದಿಲ್ಲ, ಕೆಳಗಿನ ಏರುತಗ್ಗನ್ನು ಕಣ್ಣೀರು ಗಾರೆಯ ಹಾಗೆ ತುಂಬಿಕೊಳ್ಳುತ್ತದೆ.

ಹಾಕುವ ಕ್ರಮ. ಉಗುರು ಕತ್ತರಿಸಿರಬೇಕು. ಸಾದಾ ಸೋಪಿನಿಂದ ಕೈ ತೊಳೆದು ಪೂರ್ತಿ ಒಣಗಿಸಿ. ದಾರ ಬಿಡುವ ಟವೆಲ್ ಬೇಡ, ಒಂದು ಎಳೆ ಸಾಕು ದಿನವಿಡೀ ಚುಚ್ಚಲು. ಬೆಣ್ಣೆ ದೋಸೆ ತಿಂದ ಕೈಯನ್ನು ಬರೀ ನೀರಿನಲ್ಲಿ ಅದ್ದಿ ಲೆನ್ಸ್ ಮುಟ್ಟಿದರೆ ಜಿಡ್ಡು ಅಂಟಿ, ಮಳೆಗಾಲದ ಗಾಜಿನ ಹಾಗೆ ಎಲ್ಲವೂ ಮಂಜು. ಬಲಗಣ್ಣಿನಿಂದಲೇ ಶುರುಮಾಡುವ ರೂಢಿ ಇಟ್ಟುಕೊಂಡರೆ ಎಡಬಲ ಅದಲುಬದಲಾಗುವುದಿಲ್ಲ. ಲೆನ್ಸನ್ನು ತೋರುಬೆರಳ ತುದಿಯಲ್ಲಿಟ್ಟು ಪಕ್ಕದಿಂದ ನೋಡಿ. ದೊನ್ನೆಯ ಹಾಗೆ ಅಂಚು ನೆಟ್ಟಗೆ ಮೇಲೆದ್ದಿದ್ದರೆ ಸರಿ, ತಟ್ಟೆಯ ಅಂಚಿನಂತೆ ಹೊರಕ್ಕೆ ಬಾಗಿದ್ದರೆ ಮಗುಚಿದೆ. ಬೆರಳು ಒದ್ದೆಯಿದ್ದರೆ ಲೆನ್ಸ್ ಬೆರಳನ್ನೇ ಹಿಡಿದುಕೊಳ್ಳುತ್ತದೆ, ಕಣ್ಣಿಗೆ ಹೋಗುವುದಿಲ್ಲ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಅದೇ ಕೈಯ ನಡುಬೆರಳಿನಿಂದ ಕೆಳರೆಪ್ಪೆ, ಇನ್ನೊಂದು ಕೈಯಿಂದ ಮೇಲ್ರೆಪ್ಪೆಯನ್ನು ಕೂದಲಿನ ಬುಡದಲ್ಲೇ ಹಿಡಿದು, ಕನ್ನಡಿಯನ್ನು ನೇರ ನೋಡುತ್ತಾ ಇಡಿ. ರೆಪ್ಪೆಯನ್ನು ಒಮ್ಮೆಲೇ ಬಿಡಬೇಡಿ. ತೆಗೆಯುವಾಗ ಮೇಲೆ ನೋಡಿ, ಲೆನ್ಸನ್ನು ಕೆಳಗಿನ ಬಿಳಿಭಾಗಕ್ಕೆ ಜಾರಿಸಿ, ಬೆರಳಿನ ಮೆದುಭಾಗದಿಂದ ಚಿವುಟಿ. ಒಣಗಿ ಕಚ್ಚಿಕೊಂಡಿದ್ದರೆ ಲೆನ್ಸಿಗೆಂದೇ ಬರುವ ಹನಿ ಎರಡು ಮೂರು ತೊಟ್ಟು ಹಾಕಿ, ಕೆಲವು ನಿಮಿಷ ಕಾದು, ಆಮೇಲೆ ತೆಗೆಯಿರಿ.

ಸೊಲ್ಯೂಷನ್ ವಿಷಯದಲ್ಲಿ ಜಿಪುಣತನ ಮಾಡಬೇಡಿ. ತೆಗೆದ ಲೆನ್ಸನ್ನು ಅಂಗೈಯಲ್ಲಿಟ್ಟು ಸೊಲ್ಯೂಷನ್ ಹಾಕಿ ಸುಮಾರು 20 ಸೆಕೆಂಡು ಉಜ್ಜಿ, ತೊಳೆದು, ಹೊಸ ಸೊಲ್ಯೂಷನ್‌ನಲ್ಲಿ ಬಾಟಲಿಯ ಮೇಲೆ ಬರೆದಷ್ಟು ಗಂಟೆ ನೆನೆಸಬೇಕು. ನಿನ್ನೆಯದ್ದರ ಮೇಲೆ ನಾಲ್ಕು ಹನಿ ಸುರಿಯುವುದರಿಂದ ಕ್ರಿಮಿ ಸಾಯುವುದಿಲ್ಲ. ಸರಿಯಾಗಿ ಬಳಸಿದರೆ 120 ಎಂಎಲ್ ಬಾಟಲಿ ಎರಡು ವಾರದ ಆಸುಪಾಸಿನಲ್ಲಿ ಖಾಲಿಯಾಗುತ್ತದೆ. ನಿಮ್ಮದು ಮೂರು ತಿಂಗಳು ಬರುತ್ತಿದೆಯೆಂದರೆ ಎಲ್ಲೋ ತಪ್ಪುತ್ತಿದ್ದೀರಿ. ಮೆಡಿಕಲ್ ಶಾಪಿನ ಸಲೈನ್ ತೊಳೆಯಲು ಆದೀತು, ಕ್ರಿಮಿ ಕೊಲ್ಲುವುದಿಲ್ಲ. ಲೆನ್ಸ್ ಇಡುವ ಕೇಸನ್ನು ದಿನಾ ಸೊಲ್ಯೂಷನ್‌ನಿಂದಲೇ ತೊಳೆದು ಮಗುಚಿ ಒಣಗಿಸಿ, ಮೂರು ತಿಂಗಳಿಗೊಮ್ಮೆ ಬದಲಿಸಿ. ಏಪ್ರಿಲ್ ಬಿಸಿಲಿನಲ್ಲಿ ಸ್ಕೂಟರ್ ಡಿಕ್ಕಿಯೊಳಗೆ ಬಾಟಲಿ ಬಿಡಬೇಡಿ.

ನಲ್ಲಿ ನೀರಾಗಲಿ, ಬೋರ್‌ವೆಲ್ ನೀರಾಗಲಿ, ಫಿಲ್ಟರ್ ನೀರಾಗಲಿ ಲೆನ್ಸಿಗೆ ಸೋಕಬಾರದು. ನೀರಿನಲ್ಲಿರುವ ಅಕಾಂತಮೀಬಾ ಎಂಬ ಜೀವಿ ಕಾರ್ನಿಯಾಕ್ಕೆ ಹತ್ತಿದರೆ ಚಿಕಿತ್ಸೆ ತಿಂಗಳುಗಟ್ಟಲೆ, ನೋಟವೂ ಹೋಗಬಹುದು. ಜೊತೆಗೆ ಸಾದಾ ನೀರು ತಗಲಿದ ಲೆನ್ಸ್ ಉಬ್ಬಿ ಬಿಗಿಯಾಗುತ್ತದೆ. ತಲೆಗೆ ನೀರು ಹಾಕಿಕೊಳ್ಳುವಾಗ, ಈಜುವಾಗ ಲೆನ್ಸ್ ಬೇಡ.

ಊರಿನದೇ ಆದ ತೊಂದರೆಗಳೂ ಇವೆ. ಮೆಕ್ಕೆಜೋಳ ಒಕ್ಕುವ ಕಾಲದ ಧೂಳಿನಲ್ಲಿ, ಮಂಡಕ್ಕಿ ಭಟ್ಟಿಯ ಹೊಗೆಯಲ್ಲಿ ಕೆಲಸ ಮಾಡುವವರು ಆ ಹೊತ್ತು ಕನ್ನಡಕವನ್ನೇ ಹಾಕಲಿ. ಬೈಕಿನಲ್ಲಿ ಹೆಲ್ಮೆಟ್ಟಿನ ಗಾಜು ಇಳಿಸಿರಬೇಕು. ಮಿರ್ಚಿಗೆ ಮೆಣಸಿನಕಾಯಿ ಸೀಳುವ ಕೈ ಇನ್ನೂ ಅಪಾಯ. ಖಾರ ಎಣ್ಣೆಯಲ್ಲಿ ಕರಗುತ್ತದೆಯೇ ಹೊರತು ನೀರಿನಲ್ಲಲ್ಲ. ಮೊದಲು ಅಡುಗೆ ಎಣ್ಣೆ ಹಚ್ಚಿ ಒರೆಸಿ, ಆಮೇಲೆ ಎರಡು ಸಲ ಸೋಪು ಹಾಕಿ ತೊಳೆಯಿರಿ. ಖಾರ ಹತ್ತಿದ ಲೆನ್ಸನ್ನು ತೊಳೆದು ಮತ್ತೆ ಹಾಕುವ ಪ್ರಯತ್ನ ಬೇಡ, ಎಸೆಯಿರಿ.

ಬಯೋಫಿನಿಟಿ ಹಾಕಿ ಮಲಗಬಹುದು ಎಂದು ಅಂಗಡಿಯಲ್ಲಿ ಹೇಳಬಹುದು. ಕಂಪನಿಗೆ ಅದಕ್ಕೆ ಅನುಮತಿ ಇರುವುದೂ ನಿಜ. ಆದರೂ ಮಲಗಬೇಡಿ. 1989ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನದಲ್ಲಿ ಹಗಲು ಮಾತ್ರ ಮೆದು ಲೆನ್ಸ್ ಹಾಕುವವರಲ್ಲಿ ವರ್ಷಕ್ಕೆ ಹತ್ತು ಸಾವಿರಕ್ಕೆ ಸುಮಾರು 4 ಮಂದಿಗೆ ಕಾರ್ನಿಯಾದ ಹುಣ್ಣು ಬಂದಿದ್ದರೆ, ರಾತ್ರಿಯೂ ಹಾಕುವ ಬಗೆಯವರಲ್ಲಿ ಸುಮಾರು 21 ಮಂದಿಗೆ ಬಂದಿತ್ತು. ಆಮೇಲೆ 1999ರಲ್ಲಿ ಸಿಲಿಕೋನ್ ಲೆನ್ಸ್ ಬಂದು ಆಮ್ಲಜನಕದ ಕೊರತೆ ನೀಗಿತು, ಆದರೆ ಮಲಗಿದಾಗ ಬರುವ ಸೋಂಕು ಅದರಿಂದ ನಿಲ್ಲಲಿಲ್ಲ.

ನೋವು, ಕೆಂಪು, ಬೆಳಕು ನೋಡಲಾಗದಿರುವುದು, ನೋಟ ಮಂಜಾಗುವುದು, ಕಪ್ಪುಗುಡ್ಡೆಯ ಮೇಲೆ ಬಿಳಿ ಚುಕ್ಕೆ: ಇವುಗಳಲ್ಲಿ ಒಂದು ಕಂಡರೂ ಲೆನ್ಸ್ ತೆಗೆದು ಅದೇ ದಿನ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನಲ್ಲಿ ಕೇಳಿ ಸ್ಟೀರಾಯ್ಡ್ ಹನಿ ಹಾಕಿಕೊಂಡರೆ ಕೆಂಪು ಇಳಿದು ಹುಣ್ಣು ಒಳಗೇ ಬೆಳೆಯುತ್ತದೆ. ತೆಗೆದ ಲೆನ್ಸನ್ನು ಎಸೆಯದೆ ಕೇಸಿನ ಸಮೇತ ತೆಗೆದುಕೊಂಡು ಹೋಗಿ. ಯಾವ ಕ್ರಿಮಿ ಎಂದು ಪತ್ತೆಹಚ್ಚಲು ಲ್ಯಾಬಿನವರಿಗೆ ಅದು ಬೇಕಾಗುತ್ತದೆ.